ನಿಮಗಿದು ಗೊತ್ತೇ? ಮೋಟರ್ ಹಾಕಿದರೆ ಕಂಪ್ಯೂಟರ್ ಯಾಕೆ ಆಫ್ ಆಗುತ್ತೆ?

◆ ಕೆಲಸದ ನಡುವೆ ಕಂಪ್ಯೂಟರ್ ತಾನಾಗಿ ಆಫ್ ಆಗಿ ಆನ್ ಆಯಿತೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಎರಡೇ ಮಾತು: ‘ವೈರಸ್ ಇರಬೇಕು’, ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಿಸಿ’. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಮನೆಗಳಲ್ಲಿ ಇವೆರಡಕ್ಕಿಂತ ಮೊದಲು ಅನುಮಾನ ಪಡಬೇಕಾದದ್ದು ಗೋಡೆಯ ಸಾಕೆಟ್ಟಿನ ಮೇಲೆ. ‘ಎಷ್ಟು ಹೊತ್ತಿಗೆ ಆಯಿತು, ಆಗ ಮನೆಯಲ್ಲಿ ಇನ್ನೇನು ಓಡುತ್ತಿತ್ತು?’ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

◆ ಕರೆಂಟ್ ಹೋಗಿ ಬಂದದ್ದು ನಿಮ್ಮ ಕಣ್ಣಿಗೆ ಬೀಳದಿರಬಹುದು, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಕರೆಂಟ್. ಸೆಕೆಂಡಿಗೆ 50 ಆವರ್ತ, ಒಂದೊಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಡೆಸ್ಕ್‌ಟಾಪ್ ಡಬ್ಬದೊಳಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ ಒಂದು ದಪ್ಪ ಕೆಪಾಸಿಟರ್ ಇರುತ್ತದೆ. ನಲ್ಲಿ ನಿಂತ ಮೇಲೂ ಮಹಡಿಯ ಟ್ಯಾಂಕ್‌ನಲ್ಲಿದ್ದಷ್ಟು ನೀರು ಬರುವಂತೆ, ಕರೆಂಟ್ ನಿಂತ ಮೇಲೂ ಅದು ಸ್ವಲ್ಪ ಹೊತ್ತು ಕಂಪ್ಯೂಟರನ್ನು ನಡೆಸುತ್ತದೆ. ಎಷ್ಟು ಹೊತ್ತು? ಡೆಸ್ಕ್‌ಟಾಪ್ ತಯಾರಕರು ಪಾಲಿಸುವ ಎಟಿಎಕ್ಸ್ ಮಾನದಂಡ ಬಹುಕಾಲ ಕೇಳುತ್ತಿದ್ದುದು ಪೂರ್ತಿ ಲೋಡ್‌ನಲ್ಲಿ ಕನಿಷ್ಠ 16 ಮಿಲಿಸೆಕೆಂಡ್. ಒಂದು ಆವರ್ತದಷ್ಟೂ ಇಲ್ಲ! ಫ್ಯಾನ್ ತಿರುಗುತ್ತಲೇ ಇರುತ್ತದೆ, ಬಲ್ಬ್ ಒಮ್ಮೆ ಮಿಣುಕಿದರೆ ಹೆಚ್ಚು. ಅಷ್ಟರಲ್ಲಿ ಸೇವ್ ಮಾಡದ ಫೈಲ್ ಹೋಗಿರುತ್ತದೆ.

◆ ಮದರ್‌ಬೋರ್ಡ್‌ಗೆ ‘ಕರೆಂಟ್ ಸರಿ ಇದೆ’ ಎಂದು ಹೇಳುವುದಕ್ಕೇ ಒಂದು ತಂತಿ ಇದೆ. ಬೂದು ಬಣ್ಣದ್ದು, ಹೆಸರು ‘ಪವರ್ ಗುಡ್’. ಅದರಲ್ಲಿ 5 ವೋಲ್ಟ್ ಇರುವವರೆಗೆ ಎಲ್ಲ ಕ್ಷೇಮ. ಅದು ಬಿದ್ದ ತಕ್ಷಣ ಮದರ್‌ಬೋರ್ಡ್ ಪ್ರೊಸೆಸರ್ರನ್ನು ರೀಸೆಟ್ ಮಾಡುತ್ತದೆ. ವಿಂಡೋಸ್‌ಗೆ ಒಂದು ಮಾತೂ ಹೇಳುವುದಿಲ್ಲ, ನಿಮಗಂತೂ ಇಲ್ಲವೇ ಇಲ್ಲ.

◆ ಕಾವೇರಿ ನೀರು ಬರುವ ದಿನ ಕಂಪ್ಯೂಟರ್ ಹೆಚ್ಚು ಸಲ ಆಫ್ ಆಗುತ್ತದೆಯೇ? ಇದು ತಮಾಷೆಯಲ್ಲ. ನಲ್ಲಿಯಲ್ಲಿ ಬಂದ ನೀರು ಸಂಪ್‌ಗೆ, ಸಂಪ್‌ನಿಂದ ಮೋಟರ್ ಹಾಕಿ ಮೇಲಿನ ಟ್ಯಾಂಕ್‌ಗೆ. ಇದು ದಕ್ಷಿಣ ಬೆಂಗಳೂರಿನ ಮನೆಮನೆಯ ಬೆಳಗು. ಈ ಒಂದು ಹಾರ್ಸ್‌ಪವರ್ ಮೋಟರ್ ಓಡುವಾಗ ಎಳೆಯುವ ಕರೆಂಟಿಗಿಂತ ಶುರುವಾಗುವಾಗ ಎಳೆಯುವುದು ಐದಾರು ಪಟ್ಟು ಹೆಚ್ಚು. ಅದೇ ಲೈನಿನಲ್ಲಿ ಕಂಪ್ಯೂಟರ್ ಇದ್ದು, ವೈರ್ ತೆಳುವಾಗಿದ್ದರೆ ಆ ಒಂದು ಗಳಿಗೆ ವೋಲ್ಟೇಜ್ ಕುಸಿಯುತ್ತದೆ. ಹಾಲಿನ ಲೈಟ್ ಒಮ್ಮೆ ಡಿಮ್ ಹೊಡೆಯುವುದು ಅದಕ್ಕೇ. 30x40 ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಹಳೆಯ ಲೈನನ್ನೇ ಮೇಲೆ ಮೇಲೆ ಎಳೆದುಕೊಂಡು ಹೋದ ಮನೆಗಳಲ್ಲಿ ಇದು ಎದ್ದು ಕಾಣುತ್ತದೆ. ಕಂಪ್ಯೂಟರಿನ ಸಾಕೆಟ್‌ಗೆ ಮೇನ್ ಬೋರ್ಡಿನಿಂದಲೇ ಬೇರೆ ಎಂಸಿಬಿ, ಬೇರೆ ವೈರ್ ಹಾಕಿಸಿದರೆ ತೊಂದರೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಹೊಸ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

◆ ಫ್ರಿಜ್ ಶುರುವಾದಾಗ ಒಂದು ರೂಮಿನ ಲೈಟ್ ಡಿಮ್ ಆಗಿ, ಇನ್ನೊಂದು ರೂಮಿನದು ಇದ್ದಕ್ಕಿದ್ದಂತೆ ಜೋರಾಗಿ ಉರಿದರೆ? ಅದು ಕಂಪ್ಯೂಟರ್ ರಿಪೇರಿಯವರ ವಿಷಯವಲ್ಲ. ತ್ರೀ-ಫೇಸ್ ಮನೆಯಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸ್‌ನಲ್ಲಿ ವೋಲ್ಟೇಜ್ ಕುಸಿದು ಇನ್ನೊಂದರಲ್ಲಿ 230ನ್ನು ದಾಟಿ 400ರ ಕಡೆಗೆ ಏರಬಹುದು. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಕಂಪ್ಯೂಟರ್, ಟಿವಿ, ಫ್ರಿಜ್ ಮೂರೂ ಒಟ್ಟಿಗೆ ಸುಟ್ಟುಹೋದ ಮನೆಗಳಲ್ಲಿ ಕಾರಣ ಬಹುತೇಕ ಇದೇ ಆಗಿರುತ್ತದೆ.

◆ ‘ಮನೆಯಲ್ಲಿ ಯುಪಿಎಸ್ ಇದೆಯಲ್ಲ, ಆದರೂ ಯಾಕೆ ಆಫ್ ಆಗುತ್ತೆ?’ ಮೆಟ್ಟಿಲ ಕೆಳಗೆ ದೊಡ್ಡ ಬ್ಯಾಟರಿ ಇಟ್ಟುಕೊಂಡ ಹೋಮ್ ಇನ್ವರ್ಟರನ್ನೇ ನಾವು ಯುಪಿಎಸ್ ಎನ್ನುತ್ತೇವೆ. ಹಲವು ಇನ್ವರ್ಟರ್‌ಗಳ ಮೈಮೇಲೆ ಯಾರೂ ಮುಟ್ಟದ ಒಂದು ಪುಟ್ಟ ಸ್ವಿಚ್ ಇರುತ್ತದೆ: ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ಇಕೋ’ ಅಥವಾ ‘ನಾರ್ಮಲ್’. ಯುಪಿಎಸ್ ಕಡೆಗಿದ್ದರೆ ಬ್ಯಾಟರಿಗೆ ಬದಲಾಗುವ ಹೊತ್ತು ಸುಮಾರು 10 ಮಿಲಿಸೆಕೆಂಡ್. ಇನ್ನೊಂದು ಕಡೆಗಿದ್ದರೆ ಅದರ ಎರಡು ಮೂರು ಪಟ್ಟು. 16 ಮಿಲಿಸೆಕೆಂಡ್ ಲೆಕ್ಕ ನೆನಪಿದೆಯಲ್ಲ? ಫ್ಯಾನು, ಲೈಟುಗಳಿಗೆ ಇದರಿಂದ ಏನೂ ಆಗದು. ಕಂಪ್ಯೂಟರ್ ಮಾತ್ರ ಬೀಳುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದರೆ ಲೋ ವೋಲ್ಟೇಜ್ ಇದ್ದಾಗ ಇನ್ವರ್ಟರ್ ಬೇಗ ಬೇಗ ಬ್ಯಾಟರಿಗೆ ಹೋಗುತ್ತದೆ, ಬ್ಯಾಟರಿ ಸ್ವಲ್ಪ ಹೆಚ್ಚು ಸವೆಯುತ್ತದೆ. ಕಂಪ್ಯೂಟರ್ ಬೇಕೆಂದವರು ಅದನ್ನು ಒಪ್ಪಿಕೊಳ್ಳಬೇಕು.

◆ ಸ್ವಿಚ್ ಸರಿಯಿದ್ದೂ ಬೀಳುತ್ತಿದ್ದರೆ ಇನ್ವರ್ಟರಿನ ಕರೆಂಟ್ ಯಾವ ಆಕಾರದ್ದು ನೋಡಿ. ಕರೆಂಟ್ ಹೋದಾಗ ಫ್ಯಾನ್ ಗುಂಯ್ ಎನ್ನುತ್ತದೆಯೇ? ಹಾಗಾದರೆ ಅದು ಬಹುಶಃ ಸ್ಕ್ವೇರ್ ವೇವ್ ಇನ್ವರ್ಟರ್. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ‘ಆಕ್ಟಿವ್ ಪಿಎಫ್‌ಸಿ’ ಎಂಬ ಸರ್ಕ್ಯೂಟ್‌ಗೆ ಈ ಚೌಕಾಕಾರದ ಅಲೆ ಒಗ್ಗುವುದಿಲ್ಲ. ವಿಚಿತ್ರ ನೋಡಿ: ಹಳೆಯ ಅಗ್ಗದ ಎಸ್‌ಎಂಪಿಎಸ್ ಈ ಇನ್ವರ್ಟರಿನಲ್ಲಿ ಹಾಯಾಗಿ ಓಡುತ್ತಿತ್ತು, ದುಬಾರಿಯದು ತಂದು ಹಾಕಿದ ಮೇಲೆ ಬೀಳತೊಡಗುತ್ತದೆ. ಅಂಗಡಿಯವನನ್ನು ಬೈಯುವ ಮೊದಲು ಇನ್ವರ್ಟರಿನ ಮೇಲೆ ‘ಪ್ಯೂರ್ ಸೈನ್‌ವೇವ್’ ಎಂದಿದೆಯೇ ನೋಡಿಕೊಳ್ಳಿ.

◆ ಸ್ಟೆಬಿಲೈಸರ್ ಹಾಕಿದರೆ ಎಲ್ಲ ಸರಿಹೋಗುತ್ತದೆಯೇ? ಕೆಲವೊಮ್ಮೆ ಅದೇ ಕಾರಣ. ‘ಟಕ್’ ಎಂದು ಸದ್ದು ಮಾಡುವ ರಿಲೇ ಸ್ಟೆಬಿಲೈಸರ್ ಒಂದು ಹಂತದಿಂದ ಇನ್ನೊಂದಕ್ಕೆ ಬದಲಾಗುವಾಗ ಕೆಲವು ಮಿಲಿಸೆಕೆಂಡ್ ಕರೆಂಟ್ ಕಡಿಯುತ್ತದೆ. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಹಲವು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ. ಅವಕ್ಕೆ ಸ್ಟೆಬಿಲೈಸರ್ ಬೇಕಿಲ್ಲ.

◆ 600 ವಿಎ ಯುಪಿಎಸ್ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್, ಮಾನಿಟರ್ ಎರಡನ್ನೂ ಹಾಕಿ, ಜೊತೆಗೆ ಲೇಸರ್ ಪ್ರಿಂಟರನ್ನೂ ಸಿಕ್ಕಿಸಿದರೆ ಅದು ಕೈ ಎತ್ತುತ್ತದೆ. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಎಳೆಯುವ ಕರೆಂಟ್ ಬಹಳ, ಅದನ್ನು ನೇರ ಗೋಡೆಗೆ ಹಾಕುವುದೇ ಸರಿ. ಇನ್ನು ಒಳಗಿನ 12 ವೋಲ್ಟ್ ಬ್ಯಾಟರಿಯ ಆಯುಸ್ಸು ಎರಡು ಮೂರು ವರ್ಷ. ಸತ್ತ ಬ್ಯಾಟರಿಯ ಯುಪಿಎಸ್ ಕರೆಂಟ್ ಇರುವವರೆಗೆ ಹಸಿರು ದೀಪ ತೋರಿಸುತ್ತ ಕೂತಿರುತ್ತದೆ, ಹೋದ ತಕ್ಷಣ ಕಂಪ್ಯೂಟರಿನ ಜೊತೆ ತಾನೂ ಮಲಗುತ್ತದೆ. ಪರೀಕ್ಷೆ ಮಾಡಬೇಕಾದರೆ ಕಂಪ್ಯೂಟರ್ ತೆಗೆದು ಒಂದು ಟೇಬಲ್ ಲ್ಯಾಂಪ್ ಹಾಕಿ, ಆಮೇಲೆ ಗೋಡೆಯ ಸ್ವಿಚ್ ಆರಿಸಿ ನೋಡಿ.

◆ ಲ್ಯಾಪ್‌ಟಾಪ್‌ಗೆ ಈ ಕರೆಂಟ್ ಕಡಿತ ತಟ್ಟುವುದಿಲ್ಲ, ಒಳಗೇ ಬ್ಯಾಟರಿ ಇದೆ. ಹಾಗಾಗಿ ಬಿಟಿಎಂ ಪಿಜಿಯ ಒಂದು ರೂಮಿನಲ್ಲಿ ಹುಡುಗನ ಡೆಸ್ಕ್‌ಟಾಪ್ ಬಿದ್ದು, ಪಕ್ಕದವನ ಲ್ಯಾಪ್‌ಟಾಪ್ ನಡೆಯುತ್ತಿದ್ದರೆ ತಪ್ಪು ಬಹುಶಃ ಕರೆಂಟಿನದು. ಲ್ಯಾಪ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಹುಡುಕಬೇಕಾದದ್ದು ಬಿಸಿ, ಡ್ರೈವರ್, ರ‍್ಯಾಮ್, ಇಲ್ಲವೇ ಬ್ಯಾಟರಿಯನ್ನೇ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಬ್ಯಾಟರಿ ಊದಿದೆ. ಅಂದೇ ಆಫ್ ಮಾಡಿ, ಬದಲಾಯಿಸಿ.

◆ ಆಫ್ ಆಗುವ ಬಗೆಯೇ ಕಾರಣ ಹೇಳುತ್ತದೆ. ಫಟ್ ಎಂದು ಆರಿ ಮತ್ತೆ ತಾನೇ ಶುರುವಾದರೆ ಕರೆಂಟು ಅಥವಾ ಎಸ್‌ಎಂಪಿಎಸ್. ಫ್ಯಾನ್ ಜೋರಾಗಿ ಕೂಗಿ, ಆಮೇಲೆ ಆರಿ, ಕೂಡಲೇ ಒತ್ತಿದರೂ ಆನ್ ಆಗದೆ, ತಣ್ಣಗಾದ ಮೇಲೆ ಆನ್ ಆದರೆ ಬಿಸಿ. ಪರದೆ ಬಣ್ಣ ತಿರುಗಿ, ಶೇಕಡಾ ಲೆಕ್ಕ ತೋರಿಸಿ ರೀಸ್ಟಾರ್ಟ್ ಆದರೆ ಅದು ವಿಂಡೋಸ್ ತಾನೇ ನಿಲ್ಲಿಸಿದ್ದು, ‘ನೀಲಿ ಪರದೆ’ ಎನ್ನುವುದು ಇದನ್ನೇ. ಗೇಮ್ ಆಡುವಾಗ ಮಾತ್ರ ಬಿದ್ದರೆ ಎಸ್‌ಎಂಪಿಎಸ್‌ಗೆ ತಾಕತ್ತಿಲ್ಲ ಅಥವಾ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುತ್ತಿದೆ. ಸುಮ್ಮನೆ ಇದ್ದಾಗಲೂ ಬಿದ್ದರೆ ರ‍್ಯಾಮ್ ಮೇಲೆ ಕಣ್ಣಿಡಿ.

◆ ನೀಲಿ ಪರದೆ ಬಂದದ್ದೇ ಗೊತ್ತಾಗುವುದಿಲ್ಲ ಎನ್ನುವವರಿಗೆ: ನೀಲಿ ಪರದೆ ಬಂದೊಡನೆ ರೀಸ್ಟಾರ್ಟ್ ಮಾಡಬೇಕೆಂದು ವಿಂಡೋಸ್‌ಗೆ ಮೊದಲೇ ಹೇಳಿಟ್ಟಿರುತ್ತಾರೆ. ‘ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್’ ತೆರೆದು ‘ಸ್ಟಾರ್ಟ್‌ಅಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆದರೆ ಪರದೆ ನಿಂತಿರುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆಯಬಹುದು. ಅದರಲ್ಲಿ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ರ‍್ಯಾಮ್ ಪರೀಕ್ಷಿಸಿ. ‘ಡಬ್ಲ್ಯುಎಚ್‌ಇಎ’ ಎಂದು ಶುರುವಾದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ. ‘ಡಾಟ್ ಸಿಸ್’ ಎಂದು ಮುಗಿಯುವ ಫೈಲ್ ಹೆಸರು ಕಂಡರೆ ಹೆಚ್ಚಾಗಿ ಅದು ಯಾವುದೋ ಡ್ರೈವರ್. ಈ ಒಂದು ಫೋಟೊ ಇದ್ದರೆ ರಿಪೇರಿಯವರು ಊಹೆಯ ಮೇಲೆ ಫಾರ್ಮ್ಯಾಟ್‌ಗೆ ಕೈ ಹಾಕುವುದು ತಪ್ಪುತ್ತದೆ.

◆ ನಿಮ್ಮ ಕಂಪ್ಯೂಟರ್ ಯಾವ ದಿನ, ಎಷ್ಟು ಹೊತ್ತಿಗೆ ಬಿತ್ತು ಎಂಬ ದಿನಚರಿಯನ್ನು ವಿಂಡೋಸ್ ಸದ್ದಿಲ್ಲದೆ ಬರೆದಿಡುತ್ತದೆ. ಸ್ಟಾರ್ಟ್ ಒತ್ತಿ, ಇಂಗ್ಲಿಷಿನಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿ. ಒಂದರಿಂದ ಹತ್ತರವರೆಗೆ ಅಂಕ ಕೊಟ್ಟ ಗೆರೆ, ಕೆಳಗೆ ದಿನದಿನದ ಕೆಂಪು ಗುಂಡು ತೆರೆದುಕೊಳ್ಳುತ್ತವೆ. ಅದನ್ನು ಮನೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಕೆಂಪು ಗುಂಡುಗಳೆಲ್ಲ ನೀರು ಬಂದ ದಿನಗಳ ಮೇಲೇ ಕೂತಿದ್ದರೆ ಇನ್ನೇನೂ ಹುಡುಕಬೇಕಿಲ್ಲ.

◆ ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್ ತೆರೆದವರೆಲ್ಲ ಹೆದರುವುದು ‘ಕರ್ನಲ್-ಪವರ್ 41’ ನೋಡಿ. ‘ಕ್ರಿಟಿಕಲ್’ ಎಂದು ಕೆಂಪಾಗಿ ಕಾಣುತ್ತದೆ. ಅದರ ಅರ್ಥ ಇಷ್ಟೇ: ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಕಾರಣ ಅದಕ್ಕೂ ಗೊತ್ತಿಲ್ಲ. ಏಕೆಂದರೆ ಅದನ್ನು ಬರೆಯುವುದು ಮುಂದಿನ ಸಲ ಆನ್ ಆದಾಗ. ಆದರೆ ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ ಸೊನ್ನೆ ಇದ್ದರೆ ವಿಂಡೋಸ್‌ಗೆ ನೀಲಿ ಪರದೆ ತೋರಿಸುವಷ್ಟೂ ಪುರುಸೊತ್ತು ಸಿಕ್ಕಿಲ್ಲವೆಂದು ತಿಳಿಯಬೇಕು. ಮತ್ತೆ ಅನುಮಾನ ಕರೆಂಟಿನ ಮೇಲೆ. 1074 ಸಂಖ್ಯೆ ಕಂಡರೆ ಗಾಬರಿಯೇ ಬೇಡ: ಅಪ್‌ಡೇಟೋ ಮನೆಯವರೋ ಕೇಳಿ ಮಾಡಿಸಿದ ರೀಸ್ಟಾರ್ಟ್ ಅದು.

◆ ‘ಶಟ್‌ಡೌನ್ ಮಾಡಿ ಆನ್ ಮಾಡಿದೆ, ಆದರೂ ಸರಿಹೋಗಲಿಲ್ಲ.’ ಹೋಗುವುದಿಲ್ಲ! 2012ರ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟ್‌ಅಪ್’ ಇರುವಲ್ಲಿ ಶಟ್‌ಡೌನ್ ಎಂದರೆ ಪೂರ್ತಿ ಆಫ್ ಅಲ್ಲ. ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ. ಮರುದಿನ ಅದೇ ಹಳೆಯ ತೊಂದರೆಯ ಜೊತೆ ಏಳುತ್ತದೆ. ಎಲ್ಲ ಹೊಸದಾಗಿ ಶುರುವಾಗಬೇಕಿದ್ದರೆ ‘ರೀಸ್ಟಾರ್ಟ್’ ಒತ್ತಬೇಕು.

◆ ವಿಂಡೋಸ್ 95 ಮತ್ತು 98, ಸತತ 49.7 ದಿನ ಓಡಿದರೆ ಸ್ತಬ್ಧವಾಗುತ್ತಿದ್ದವು. ಮಿಲಿಸೆಕೆಂಡ್ ಎಣಿಸುವ ಜಾಗ 32 ಬಿಟ್ ಆಗಿದ್ದರಿಂದ ಅಷ್ಟು ದಿನಕ್ಕೆ ಅದು ತುಂಬಿ ಸೊನ್ನೆಗೆ ಮರಳುತ್ತಿತ್ತು. 1995ರಲ್ಲಿ ಬಂದ ವಿಂಡೋಸ್‌ನ ಈ ದೋಷಕ್ಕೆ ಮದ್ದು ಬಂದದ್ದು 1999ರಲ್ಲಿ. ನಮ್ಮೂರಿನಲ್ಲಿ ಯಾರೂ ದೂರಲಿಲ್ಲವೇಕೆ? 49 ದಿನ ಕರೆಂಟ್ ಹೋಗದಿದ್ದರೆ ತಾನೇ!

◆ ಇದೇ ಬಗೆಯ ಎಣಿಕೆಯ ದೋಷ ಬೋಯಿಂಗ್ 787 ವಿಮಾನದಲ್ಲೂ ಇತ್ತು. ಜನರೇಟರ್ ನಿಯಂತ್ರಣ ಘಟಕಗಳು ಸತತ 248 ದಿನ ಆನ್ ಇದ್ದರೆ ತಾವಾಗಿ ಸುರಕ್ಷಿತ ಸ್ಥಿತಿಗೆ ಹೋಗಿ ಕರೆಂಟ್ ನಿಲ್ಲಿಸಬಹುದು ಎಂದು ಅಮೆರಿಕದ ವಿಮಾನಯಾನ ಆಡಳಿತ 2015ರಲ್ಲಿ ಎಚ್ಚರಿಸಿತು. ಪರಿಹಾರ? ಆಗಾಗ ಆಫ್ ಮಾಡಿ ಆನ್ ಮಾಡುವುದು.

◆ 2024ರ ಜುಲೈ 19, ಶುಕ್ರವಾರ. ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಒಂದು ದೋಷದ ಅಪ್‌ಡೇಟ್ ಹೊರಟಿತು. ಅಮೆರಿಕ ಮಲಗಿದ್ದ ಹೊತ್ತು. ಇಲ್ಲಿ ಕಾಫಿ ಕುಡಿದು ಲಾಗಿನ್ ಆಗುವ ಹೊತ್ತು. 78 ನಿಮಿಷದಲ್ಲಿ ಅದನ್ನು ಹಿಂತೆಗೆದರೂ ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಸ್ವಂತ ಕಂಪ್ಯೂಟರ್ ಇದ್ದವರಿಗೆ ಏನೂ ಆಗಲಿಲ್ಲ, ಆ ತಂತ್ರಾಂಶ ಮಾರಾಟವಾಗುವುದು ಕಂಪನಿಗಳಿಗೆ. ಒಂದೇ ಮನೆಯಲ್ಲಿ ಆಫೀಸ್ ಲ್ಯಾಪ್‌ಟಾಪ್ ಬಿದ್ದು ಮಗನ ಗೇಮಿಂಗ್ ಕಂಪ್ಯೂಟರ್ ನಡೆಯುತ್ತಿದ್ದುದಕ್ಕೆ ಕಾರಣ ಇದೇ. ತನ್ನ ಕ್ಲೌಡ್ ಯಂತ್ರಗಳಿಗೆ ಮೈಕ್ರೋಸಾಫ್ಟ್ ಹೇಳಿದ ಮದ್ದುಗಳಲ್ಲಿ ಒಂದು: ರೀಸ್ಟಾರ್ಟ್ ಮಾಡುತ್ತಲೇ ಇರಿ, ಕೆಲವರಿಗೆ 15 ಸಲದವರೆಗೂ ಬೇಕಾಗಿದೆ!

◆ ಬೆಂಗಳೂರು ತಂಪು ಊರು, ಕಂಪ್ಯೂಟರ್ ಬಿಸಿಯಾಗುವುದಿಲ್ಲ ಎನ್ನುವ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು. ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿಯ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಯಾರನ್ನೂ ಕೇಳದೆ ಆಫ್ ಮಾಡಿಸುತ್ತವೆ. ರಸ್ತೆಯ ಧೂಳು ಒಂದು ಕಡೆ, ಒಗ್ಗರಣೆಯ ಎಣ್ಣೆ ಹೊಗೆ ಮತ್ತು ಊದುಬತ್ತಿ ಇನ್ನೊಂದು ಕಡೆ. ಎರಡೂ ಸೇರಿ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿ ನೇಯುತ್ತವೆ. ಒಣ ಧೂಳನ್ನು ಊದಿ ಹಾರಿಸಬಹುದು, ಎಣ್ಣೆ ಹತ್ತಿದ ಧೂಳಿಗೆ ಬ್ರಷ್ಷೇ ಬೇಕು.

◆ ವರ್ಷಕ್ಕೊಮ್ಮೆ ಬಹಳ ಮನೆಗಳಲ್ಲಿ ಕಂಪ್ಯೂಟರ್ ಒರೆಸುವುದು ಆಯುಧ ಪೂಜೆಗೆ. ಒಳ್ಳೆಯ ಪದ್ಧತಿ. ಆದರೆ ಒರೆಸುವುದು ಹೊರಮೈ ಮಾತ್ರ, ಕುಂಕುಮ, ಅರಿಶಿನ, ಹೂವಿನ ನೀರು ಹೋಗುವುದು ಒಳಗೆ! ಅಂದು ಬೆಳಗ್ಗೆಯೇ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ ಧೂಳು ತೆಗೆದು, ಮತ್ತೆ ಮುಚ್ಚಿ, ಆಮೇಲೆ ಕುಂಕುಮ ಇಡಿ. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಬೇಕು. ಗಾಳಿಗೆ ಗಿರ‍್ರನೆ ತಿರುಗಿದ ಫ್ಯಾನ್ ತಾನೇ ಕರೆಂಟ್ ಹುಟ್ಟಿಸುತ್ತದೆ, ಬೇರಿಂಗ್‌ಗೂ ಕೇಡು. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದು ಸ್ಟ್ಯಾಟಿಕ್ ಹುಟ್ಟಿಸುತ್ತದೆ.

◆ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಪೂಜೆಗೂ ಬಿಚ್ಚಬಾರದು. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಬಿಸಿ ಹುಡುಕಿಕೊಂಡು ಅಲ್ಲಿಗೆ ಹೋದ ಹಲ್ಲಿಗಳಿಗೆ ಇದು ಗೊತ್ತಾಗುವುದು ತಡವಾಗಿ. ಹಿಂಬದಿಯಲ್ಲಿ ಮುಚ್ಚದೆ ಬಿಟ್ಟ ಕಿಂಡಿಗಳೇ ಅವುಗಳ ಬಾಗಿಲು. ಸ್ಲಾಟ್ ಕವರ್ ಹಾಕಿಸಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಗಣಕಯಂತ್ರದ ರಿಲೇಯಲ್ಲಿ ಸಿಕ್ಕಿದ ಪತಂಗವನ್ನು ಟೇಪ್ ಹಚ್ಚಿ ಲಾಗ್ ಪುಸ್ತಕದಲ್ಲಿ ಅಂಟಿಸಿಟ್ಟಿದ್ದಾರೆ. ನಮ್ಮ ಹಲ್ಲಿಗಳಿಗೆ ಆ ಭಾಗ್ಯವಿಲ್ಲ.

◆ ‘ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿ’ ಎನ್ನುವುದು ರಿಪೇರಿ ಅಂಗಡಿಗಳ ಹಳೆಯ ಮಂತ್ರ. ಬಹಳ ಸಲ ಫಲಿಸುತ್ತದೆ ಕೂಡ. ಕೆಲಸ ಮಾಡಿದ್ದು ರಬ್ಬರೋ, ತೆಗೆದು ಮತ್ತೆ ‘ಕ್ಲಿಕ್’ ಎನ್ನುವಂತೆ ಕೂರಿಸಿದ್ದೋ? ನನ್ನ ಮತ ಎರಡನೆಯದಕ್ಕೆ. ಆ ಹೊಳೆಯುವ ಪಟ್ಟಿಗಳ ಮೇಲಿರುವುದು ಬಹಳ ತೆಳುವಾದ ಚಿನ್ನದ ಲೇಪ, ಗಟ್ಟಿಯಾಗಿ ಉಜ್ಜಿದರೆ ಕಿತ್ತುಬರುತ್ತದೆ. ಮೊದಲು ಬರೀ ತೆಗೆದು ಹಾಕಿ. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ಓಡಿಸಿ ನೋಡಿ. ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಟ್ಟರೆ, ಬೆಳಗ್ಗೆ ಒಂದೇ ಒಂದು ಕೆಂಪು ಗೆರೆ ಕಂಡರೂ ಆ ಕಡ್ಡಿ ಬದಲಾಯಿಸಬೇಕು.

◆ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ 2003ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತಗಳು ಹೆಚ್ಚಾಗಿ ಬಿದ್ದಿದ್ದವು. 4,096 ಎಂದರೆ ಎರಡರ ಹನ್ನೆರಡನೇ ಘಾತ. ಮೆಮೊರಿಯಲ್ಲಿ ಒಂದೇ ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿತ್ತು. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ; ಆಕಾಶದಿಂದ ಬಂದ ಕಾಸ್ಮಿಕ್ ಕಿರಣ ತಾಗಿರಬಹುದು ಎಂಬುದು ಉಳಿದ ವಿವರಣೆ. ಸರ್ವರ್‌ಗಳಲ್ಲಿ ಇಂಥ ತಪ್ಪು ತಿದ್ದುವ ಇಸಿಸಿ ರ‍್ಯಾಮ್ ಇರುತ್ತದೆ, ಮನೆಯ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ವಾರಕ್ಕೆ ಮೂರು ಸಲ ಬೀಳುವ ಸಿಸ್ಟಂಗೆ ಕಾಸ್ಮಿಕ್ ಕಿರಣವನ್ನು ದೂರಬೇಡಿ.

◆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಅರ್ತಿಂಗ್ ಇಲ್ಲ ಎಂದರ್ಥ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳ ಸೋರಿಕೆ ಹರಿದುಹೋಗಬೇಕಾದದ್ದು ಅರ್ತ್ ತಂತಿಗೆ. ಅದು ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಸಪ್ಲೈನ ಅರ್ಧದಷ್ಟು, ಅಂದರೆ 115 ವೋಲ್ಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರೆಂಟ್ ಅತ್ಯಲ್ಪವಾದ್ದರಿಂದ ಜುಮ್ ಎನ್ನುತ್ತದೆ ಅಷ್ಟೆ. ಆದರೆ ಪೆನ್‌ಡ್ರೈವ್ ಚುಚ್ಚಿದೊಡನೆ ಸಿಸ್ಟಂ ರೀಸ್ಟಾರ್ಟ್ ಆಗುವುದಕ್ಕೆ ಇದೂ ಕಾರಣವಾಗಬಹುದು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿನ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಮೇಲಿನ ತೂತಿಗೆ ತಂತಿಯೇ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪನ್ನು ಫೇಸ್‌ಗೂ ಅರ್ತ್‌ಗೂ ಹಿಡಿದಾಗ ಪೂರ್ತಿ ಬೆಳಕು ಬರಬೇಕು. ಡಿಮ್ ಆಗಿ ಉರಿದರೆ ಕಾಂಪೌಂಡಿನಲ್ಲಿರುವ ಅರ್ತ್ ಗುಂಡಿ ಒಣಗಿದೆ. ಇದ್ದಿಲು, ಉಪ್ಪು ಹಾಕಿದ ಆ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಬಕೆಟ್ ನೀರು ಸುರಿಯಬೇಕು. ಅದರ ಮೇಲೆ ಟೈಲ್ಸ್ ಹಾಕಿಸಿ ಮುಚ್ಚಿದವರೂ ಇದ್ದಾರೆ!

◆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು. ಮರದಿಂದ ಮರಕ್ಕೆ, ಮನೆಯಿಂದ ಮನೆಗೆ ಎಳೆದ ಬ್ರಾಡ್‌ಬ್ಯಾಂಡ್ ಲ್ಯಾನ್ ಕೇಬಲ್ಲಿನಲ್ಲೂ ಸಿಡಿಲಿನ ಹೊಡೆತ ಬರುತ್ತದೆ, ಮದರ್‌ಬೋರ್ಡಿಗೇ ತಗಲುತ್ತದೆ. ತಾಮ್ರದ ತಂತಿಯಾದರೆ ಅದನ್ನೂ ಕೀಳಿ. ಫೈಬರ್ ಆದರೆ ಗಾಜು, ಅದರಲ್ಲಿ ಕರೆಂಟ್ ಹರಿಯದು. ಆದರೂ ರೂಟರ್‌ಗೆ ಪ್ಲಗ್ ಇದ್ದೇ ಇದೆ.

◆ ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆಯ ಮೇಲೆ ಅಡ್ಡ ಗೆರೆ ಗೀರಿರುವುದು ಅಲಂಕಾರಕ್ಕಲ್ಲ. ಒಳಗೆ ಒತ್ತಡ ಹೆಚ್ಚಿದಾಗ ಸಿಡಿಯದೆ ಅಲ್ಲಿಂದ ಬಿರಿಯಲೆಂದು. ತಲೆ ಚಪ್ಪಟೆಯಾಗಿದ್ದರೆ ಸರಿ, ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ರೀಸ್ಟಾರ್ಟ್ ಸಮಸ್ಯೆಯ ಮೂಲ ಸಿಕ್ಕಿತು. 2000ದ ದಶಕದ ಆರಂಭದಲ್ಲಿ ಕಳಪೆ ದ್ರಾವಣದ ಕೆಪಾಸಿಟರ್‌ಗಳು ದೊಡ್ಡ ದೊಡ್ಡ ಬ್ರ್ಯಾಂಡ್‌ಗಳ ಬೋರ್ಡ್‌ಗಳನ್ನೂ ಕೆಡಿಸಿದ್ದವು.

◆ ಹೊಸ ಎಸ್‌ಎಂಪಿಎಸ್ ಬೇಕಾದರೆ ಜಯನಗರ, ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆಯಬಹುದು. ‘450 ವ್ಯಾಟ್’ ಎಂಬ ಸ್ಟಿಕ್ಕರನ್ನು ನಂಬಬೇಡಿ, ಕೈಯಲ್ಲಿ ಎತ್ತಿ ನೋಡಿ. ಬೆಂಡಿನಂತೆ ಹಗುರವಾಗಿದ್ದರೆ ಒಳಗೆ ಏನೂ ಇಲ್ಲ. 2004ರಲ್ಲಿ ಶುರುವಾದ ‘80 ಪ್ಲಸ್’ ದಕ್ಷತೆಯ ಗುರುತು, ವಾರಂಟಿ ಕಾರ್ಡ್, ಜಿಎಸ್‌ಟಿ ಬಿಲ್ ಮೂರನ್ನೂ ಕೇಳಿ ಪಡೆಯಿರಿ.

◆ ದುಬಾರಿ ಪ್ರೊಸೆಸರೇ ದೋಷಿಯಾದದ್ದೂ ಉಂಟು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್ ಬೇಡಿ, ಅದರಿಂದಲೇ ಸವೆದು ಕ್ರ್ಯಾಶ್ ಆಗುತ್ತಿದ್ದವು. 2024ರಲ್ಲಿ ಕಂಪನಿ ಇದನ್ನು ಒಪ್ಪಿ, ಬಯೋಸ್ ಮೂಲಕ ಹಾಕುವ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಈಗಾಗಲೇ ಸವೆದ ಚಿಪ್ ತಿದ್ದುಪಡಿಯಿಂದ ಮತ್ತೆ ಸರಿಹೋಗದು.

◆ ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು ತಾನೇ ರೀಸೆಟ್ ಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುವುದು ಆಗಲೇ. ಅದೂ ಫಲಿಸದಿದ್ದರೆ ನೀಲಿ ಪರದೆ.

◆ ಹಾಡು ಹಾಕಿದರೆ ಲ್ಯಾಪ್‌ಟಾಪ್ ಕ್ರ್ಯಾಶ್! ಜಾನೆಟ್ ಜಾಕ್ಸನ್ ಅವರ ‘ರಿದಮ್ ನೇಶನ್’ ಹಾಡಿನ ಒಂದು ಕಂಪನಾಂಕ, ಕೆಲವು 5,400 ಆರ್‌ಪಿಎಂ ಹಾರ್ಡ್‌ಡಿಸ್ಕ್‌ಗಳ ಸಹಜ ಕಂಪನಾಂಕಕ್ಕೆ ತಾಳೆಯಾಗುತ್ತಿತ್ತು. ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಹಾಡಿದರೂ ಈ ಕಡೆಯದು ಬೀಳುತ್ತಿತ್ತು. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಇದನ್ನು 2022ರಲ್ಲಿ ಬರೆದರು.

◆ ವೈರಸ್‌ನಿಂದ ರೀಸ್ಟಾರ್ಟ್ ಆಗುವುದೇ ಇಲ್ಲವೇ? ಆಗುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್, 2004ರ ಮೇನಲ್ಲಿ ಸ್ಯಾಸರ್ ಎಂಬ ವರ್ಮ್‌ಗಳು ನೆಟ್‌ಗೆ ಸೇರಿದ ವಿಂಡೋಸ್ ಎಕ್ಸ್‌ಪಿಗಳನ್ನು 60 ಸೆಕೆಂಡಿನ ಎಣಿಕೆ ತೋರಿಸಿ ಬೀಳಿಸುತ್ತಿದ್ದವು. ಸೈಬರ್ ಕೆಫೆಯ ಕಾಲದವರಿಗೆ ಆ ಎಣಿಕೆ ನೆನಪಿರಬೇಕು. ಈಗಿನ ಕಳ್ಳರಿಗೆ ನಿಮ್ಮ ಸಿಸ್ಟಂ ಬೀಳುವುದು ಬೇಡ. ಸದ್ದಿಲ್ಲದೆ ನಡೆಯುತ್ತಿರಬೇಕು, ಪಾಸ್‌ವರ್ಡ್ ಕದಿಯಬೇಕಲ್ಲ.

◆ ವಿಂಡೋಸ್ 3.1ರಲ್ಲಿ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದಾಗ ಬರುತ್ತಿದ್ದ ನೀಲಿ ಪರದೆಯ ಮಾತುಗಳನ್ನು ಬರೆದವರು ಮುಂದೆ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದ ಸ್ಟೀವ್ ಬಾಲ್ಮರ್. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಎದುರೇ, ವೇದಿಕೆಯ ಮೇಲೆ, ಸ್ಕ್ಯಾನರ್ ಸಿಕ್ಕಿಸಿದೊಡನೆ ವಿಂಡೋಸ್ 98 ನೀಲಿಯಾಯಿತು. ಅಳುಮುಖ ಬಂದದ್ದು ವಿಂಡೋಸ್ 8ರಲ್ಲಿ. 2025ರಲ್ಲಿ ವಿಂಡೋಸ್ 11ರ ಪರದೆ ನೀಲಿ ಬಿಟ್ಟು ಕಪ್ಪಾಯಿತು, ಅಳುಮುಖವೂ ಹೋಯಿತು.

◆ ನಿಜವಾದ ನೀಲಿ ಪರದೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಕೂಗುತ್ತಾ ಬರುವುದು ಬ್ರೌಸರಿನ ಒಂದು ಪುಟ, ಅಷ್ಟೆ. ಹೆಚ್ಚಾಗಿ ಗುರಿಯಾಗುವವರು ಮನೆಯಲ್ಲಿ ಒಬ್ಬರೇ ಇರುವ ಹಿರಿಯರು. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಹೋಗದಿದ್ದರೆ ಪವರ್ ಬಟನ್ನನ್ನು ಆಫ್ ಆಗುವವರೆಗೆ ಒತ್ತಿ ಹಿಡಿಯಿರಿ. ಆ ನಂಬರಿನವರ ಜೊತೆ ಈಗಾಗಲೇ ಮಾತಾಡಿಬಿಟ್ಟು, ಅವರು ಹೇಳಿದ ಆ್ಯಪ್ ಹಾಕಿಕೊಂಡು, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಇಂಟರ್‌ನೆಟ್ ಕೇಬಲ್ ಮಾತ್ರ ಅದಕ್ಕೂ ಮೊದಲು ಕಿತ್ತಿರಬೇಕು.